ಮಿಣುಕು ಅಂದರೆ ಎಷ್ಟು ಬೆಳಕು

ಬ್ಯಾಡಗಿ
೧೬-೨-೧೯೮೮, ಮಂಗಳವಾರ

ಪ್ರೀತಿಯ ಮೊಮ್ಮಗಳೇ, ಮಂಗಳವ್ವಾ,

ನಿನ್ನ ಕೆಮ್ಮು ಕಡಿಮೆಯಾಯಿತೇ? ಧಾರವಾಡದ ಥಂಡಿ ನಿನಗೆ ಮೊದಲಿನಿಂದಲೂ ಆಗದು. ತಲೆಗೆ ಎರೆದುಕೊಂಡು ಹಸಿ ಕೂದಲಲ್ಲೇ ಓದಲು ಕೂರಬೇಡ. ನಾನು ಗಟ್ಟಿಯಾಗಿದ್ದೇನೆ. ಊರೆಲ್ಲ ಮೆಣಸಿನಕಾಯಿ ಘಾಟು; ಸೀನದ ಮನುಷ್ಯನಿಲ್ಲ.

ಅಜ್ಜಿಯ ಕಣ್ಣಿಗೆ ಮಿಣುಕು ಕಾಣುತ್ತದೆ ಎಂದು ಹೋದ ಕಾಗದದಲ್ಲಿ ನಾನು ಬರೆದಿದ್ದಕ್ಕೆ, "ಅಜ್ಜಾ, ಮಿಣುಕು ಅಂದ್ರ ಎಷ್ಟು? ಖರೇ ಹೇಳು. ಪೂರಾ ಕಾಣದಿದ್ರ ಟೀಚರ್ ಕೋರ್ಸು ಬಿಟ್ಟು ಬಂದುಬಿಡ್ತೀನಿ" ಎಂದು ಕೇಳಿದ್ದೀಯ. ನಾನು ಅಂಗಡಿ ಬೋರ್ಡು ನೋಡಿ ಅಕ್ಷರ ಕಲಿತವನು. ಆದರೆ ಮದುವೆ ಮನೆಗಳಿಗೆ ಗ್ಯಾಸಬತ್ತಿ ಬಾಡಿಗೆ ಕೊಟ್ಟೇ ಮುದುಕನಾದವನು, ಬೆಳಕಿನ ಮಾತು ನನ್ನನ್ನೇ ಕೇಳಬೇಕು. ಪಂಪಿನಿಂದ ಗಾಳಿ ಹೊಡೆದ ಬತ್ತಿ ಮದುಮಗಳ ಮುಖ ತೋರಿಸುತ್ತದೆ, ಅದು ಬೆಳಕು. ಗಾಳಿ ಇಳಿದಾಗ ಅದೇ ಬತ್ತಿ ಕೆಂಪಗಾಗಿ, ಮಲಗಿದವರ ಉಸಿರಿನ ಹಾಗೆ ಏರುತ್ತ ಇಳಿಯುತ್ತದಲ್ಲ, ಅದು ಮಿಣುಕು. ಅದರಲ್ಲಿ ಸೂಜಿಗೆ ದಾರ ಪೋಣಿಸಲಾಗದು, ಎದುರಿನವರ ಮುಖವೂ ತಿಳಿಯದು. ಕದರಮಂಡಲಗಿಯಿಂದ ಮುಚ್ಚಂಜೆ ನಡೆದು ಬರುವಾಗ ನಮ್ಮೂರಿನ ಮೊದಲ ದೀಪ ಹಾಗೇ ನಡುಗುತ್ತಿತ್ತು. ಕಾಲ ಕೆಳಗಿನ ಮುಳ್ಳು ಕಾಣುತ್ತಿರಲಿಲ್ಲ, ಮನೆ ಎತ್ತ ಎಂಬುದು ಮಾತ್ರ ಕಾಲಿಗೆ ತಿಳಿಯುತ್ತಿತ್ತು.

ಡಾಕ್ಟರಿಗೆ ತೋರಿಸಲು ನಾವೇ ತಡ ಮಾಡಿದೆವು. ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಂಗಸರಲ್ಲಿ ಯಾರ ಕಣ್ಣು ಕೆಂಪಾಗುವುದಿಲ್ಲ? ನೀರು ಸುರಿದರೂ, ತಲೆ ಸಿಡಿದರೂ ನಿನ್ನ ಅಜ್ಜಿ "ಘಾಟರೀ, ಸುಗ್ಗಿ ಮುಗದ್ರ ಹೊಕ್ಕೈತಿ" ಎನ್ನುತ್ತಿದ್ದಳು. ಸುಗ್ಗಿ ಮುಗಿಯಿತು, ಅದು ಹೋಗಲಿಲ್ಲ. ಕಣ್ಣಿನ ನರ ಒಣಗಿದೆ, ಹೋದದ್ದು ಬಾರದು, ಬೆಳಕು ತಿಳಿಯುವವರೆಗೆ ಹನಿ ಹಾಕಿ ಅಷ್ಟನ್ನಾದರೂ ಉಳಿಸಿಕೊಳ್ಳಬಹುದು ಎಂದರು ರಾಣೆಬೆನ್ನೂರಿನ ಡಾಕ್ಟರು. ಅದಕ್ಕೇ ದಿನವೂ ಸಂಜೆ ಗೋಡೆಯ ದೇವರ ಮಾಡದಲ್ಲಿ ಹಣತೆ ಹಚ್ಚಿ, ಕಾಣುತ್ತದೆಯೇ ಎಂದು ಕೇಳುತ್ತೇನೆ. "ಅಗಾ, ಮಿಣಿಮಿಣಿ ಅನ್ನಾಕತ್ತೈತಿ. ದಿನಾ ಪರೀಕ್ಷಾ ಮಾಡಾಕ ನಾ ಏನ್ ಸಾಲಿ ಹುಡುಗೀನ?" ಎಂದು ನನ್ನನ್ನೇ ಬೈಯುತ್ತಾಳೆ. ನಿನಗೆ ಹೀಗೆ ಬರೆಯಲು ಹೇಳಿದ್ದಾಳೆ: "ನನ್ನ ಸಲುವಾಗಿ ಸಾಲಿ ಬಿಟ್ಟು ಬಂದ್ರ, ಆಕಿ ಕೈಲೆ ನೀರು ಸೈತ ಕುಡಿಯಾಂಗಿಲ್ಲ." ಕಾಗದವನ್ನು ಓದಿಸಿ ಕೇಳದೆ ಅಂಟಿಸಲು ಬಿಡುವವಳಲ್ಲ, ಈಗ ಓದಿ ಹೇಳಬೇಕು.

ನಮ್ಮಿಬ್ಬರ ಆಯುಷ್ಯವೂ ನಿನಗಿರಲಿ. ನಿನ್ನ ಗೆಳತಿ ಜೈತೂನಬಿಗೂ ನಮ್ಮ ನೆನಪು ಹೇಳು.

ನಿನ್ನ ಅಜ್ಜ,
ಗುಡದಪ್ಪ

ತಾ.ಕ.: ಓದಿ ಹೇಳಿದೆ. "ಚಲೋ ಬರದೀರಿ" ಎಂದು ಗೋಡೆ ಹಿಡಿದು ಹಿತ್ತಲಿಗೆ ಹೋಗಿದ್ದಾಳೆ. ಬರುವಷ್ಟರಲ್ಲಿ ಇಷ್ಟು ಬರೆಯುತ್ತೇನೆ. ಹೋದ ಶುಕ್ರವಾರ ಎಣ್ಣೆ ತೀರಿತ್ತು, ದಾದಾಪೀರನ ಅಂಗಡಿ ಮುಚ್ಚಿತ್ತು, ಕರೆಂಟೂ ಹೋಗಿತ್ತು. ಹಣತೆ ಹಚ್ಚಿರಲಿಲ್ಲ. ನಾನು ಬಾಯಿ ಬಿಡುವ ಮೊದಲೇ ಅವಳು ಮಾಡದತ್ತ ತಿರುಗಿ ಕೈಮುಗಿದು, "ಇವತ್ತ ಚಲೋ ಉರಿಯಾಕತ್ತೈತ್ರಿ" ಎಂದಳು. ನಾನು ಹೌದು ಎಂದೆ. ಖರೇ ಕೇಳಿದ್ದೀ, ಅದಕ್ಕೆ ಬರೆದೆ. ಪರೀಕ್ಷೆ ಮುಗಿಸಿಯೇ ಬಾ. ಹೊಸ್ತಿಲಿನಿಂದಲೇ ಮಾತಾಡುತ್ತ ಬಾ. ನೋಡಿದವಳ ಹಾಗೆ ನಿನ್ನ ಹೆಸರು ಕರೆಯುತ್ತಾಳೆ. ಎಣ್ಣೆ ತಂದಿದ್ದೇನೆ. ಈಗ ಹೊತ್ತು ಮುಳುಗುವ ಮೊದಲೇ ಹಚ್ಚಿಡುತ್ತೇನೆ, ಅವಳ ಮಾತು ಇನ್ನೊಮ್ಮೆ ಸುಳ್ಳಾಗಬಾರದು.