ಹಸಿ ಹಲಗೆಯ ನೆಲ

ದಾವಣಗೆರೆ
೧೨-೧೦-೧೯೫೮, ಭಾನುವಾರ

ಪ್ರೀತಿಯ ಅವ್ವನಿಗೆ ನಿನ್ನ ದ್ರಾಕ್ಷಾಯಣಿಯ ಶರಣು.

ಮನೆಯವರೆಲ್ಲ ನೆಂಟರನ್ನು ನೋಡಲು ಆವರಗೆರೆಗೆ ಹೋಗಿದ್ದಾರೆ. ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಅಂಚೆಯಲ್ಲಿ ಬಂದರೆ ಅಪ್ಪ ಒಡೆದು ಪಡಸಾಲೆಯಲ್ಲಿ ಎಲ್ಲರಿಗೂ ಕೇಳುವಂತೆ ಓದುತ್ತಾರೆ. ಬಳೆಗಾರ್ತಿ ಖತೀಜಾಬೀ ನಾಳೆ ಹರಿಹರಕ್ಕೆ ಬರುತ್ತಾಳೆ. ನಿನ್ನ ಕೈಗೇ ಕೊಡಲು ಹೇಳಿದ್ದೇನೆ. ಒಬ್ಬಳೇ ಇದ್ದಾಗ ಓದು.

ತಮ್ಮ ವಾಮದೇವನ ಮದುವೆ ಕಾರ್ತಿಕದಲ್ಲೇ ನಡೆಯುತ್ತದೆಂದು ಬರೆದಿದ್ದೀಯ. ಲೋಕಿಕೆರೆಯ ಹುಡುಗಿ ಸಣ್ಣವಳು, ನಗುಮುಖದವಳು ಎಂದೂ ಬರೆದಿದ್ದೀಯ. ಓದಿ ಸಂತೋಷವಾಯಿತು. ಅದರ ಕೆಳಗಿನ ಸಾಲು ಓದಿದ ಮೇಲೆ ಆ ಸಂತೋಷ ಉಳಿಯಲಿಲ್ಲ. ಹೊಸ ಜೋಡಿಗಾಗಿ ನಮ್ಮ ಮಹಡಿಯ ಕೋಣೆಗೂ ಮರದ ನೆಲ ಹಾಕಿಸುತ್ತಿದ್ದಾರೆ, ಅಪ್ಪನ ಮರದಂಗಡಿಯದೇ ಹಲಗೆ, ಅದೇ ಬಡಗಿ ಗುತ್ತೆಪ್ಪ. “ದಾವಣಗೆರೆ ಬೀಗರು ಇವತ್ತಿನತನಕ ಒಂದು ಕೊಂಕು ತೆಗೆದಿಲ್ಲ. ಇದಕ್ಕಿಂತ ಇನ್ನೇನು ಬೇಕು?” ಎಂದು ಅಪ್ಪ ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ಅವ್ವಾ, ಆ ಕೆಲಸ ನಿಲ್ಲಿಸು.

ಹೋದ ವರ್ಷ ನನ್ನ ಮದುವೆಗೆ ಅಪ್ಪ ಇಲ್ಲಿಯ ಮಹಡಿ ಕೋಣೆಗೆ ಹಾಕಿಸಿಕೊಟ್ಟ ನೆಲ ಕೆಟ್ಟಿದೆ. ಹೊಳೆಯಲ್ಲಿ ತೇಲಿಸಿ ತಂದ ಮತ್ತಿ ಮರವನ್ನು ಒಣಗಲು ಬಿಡದೆ ಕೊಯ್ಯಿಸಿ ಕಳಿಸಿದ್ದರು. ಮುಹೂರ್ತ ಹತ್ತಿರ ಬಂದಿತ್ತು. ಗುತ್ತೆಪ್ಪ ಒಂದು ಹಲಗೆಯ ಅಂಚನ್ನು ಇನ್ನೊಂದರೊಳಗೆ ಕೂರಿಸದೆ, ಪಕ್ಕಪಕ್ಕದಲ್ಲಿಟ್ಟು ಮೊಳೆ ಹೊಡೆದು ಹೋದ. ಮಳೆಗಾಲ ಕಳೆಯುವವರೆಗೆ ಏನೂ ತಿಳಿಯಲಿಲ್ಲ. ಚಳಿಗೆ ಹಲಗೆಗಳು ಸೊರಗತೊಡಗಿದವು. ಬೇಸಿಗೆ ಬರುವ ಹೊತ್ತಿಗೆ ಸಂದಿಯಲ್ಲಿ ಬೆರಳು ತೂರುವಂತಾಯಿತು. ಅಂಚುಗಳು ಮೇಲೆದ್ದವು, ಮೊಳೆಗಳು ತಲೆ ಎತ್ತಿದವು. ನನ್ನ ಸೀರೆಯ ಅಂಚುಗಳೆಲ್ಲ ಹರಿದಿವೆ.

ನಮ್ಮ ಕೋಣೆಯ ಕೆಳಗೇ ಪಡಸಾಲೆ. ಮಾವನವರು ಅಲ್ಲೇ ಲಿಂಗಪೂಜೆಗೆ ಕೂರುತ್ತಾರೆ. ನಾನು ಮೇಲೆ ಹೆಜ್ಜೆ ಇಟ್ಟರೆ ಸಂದಿಗಳಿಂದ ಕೆಳಗೆ ಮಣ್ಣು ಉದುರುತ್ತದೆ. ಅವರ ಪೂಜೆ ಮುಗಿಯುವವರೆಗೆ ನಾನು ಮಂಚದಿಂದ ಇಳಿಯುವುದಿಲ್ಲ. ಹಾಗೆ ಮಾಡೆಂದು ಯಾರೂ ನನಗೆ ಹೇಳಲಿಲ್ಲ. ಈ ಮನೆಯಲ್ಲಿ ಆ ನೆಲದ ಬಗ್ಗೆ ಯಾರೂ ಏನೂ ಹೇಳುವುದಿಲ್ಲ.

ಶ್ರಾವಣದ ಒಂದು ಸೋಮವಾರ ಅಯ್ಯನವರು ಪ್ರಸಾದಕ್ಕೆ ಕೂತಿದ್ದರು. ನನಗೆ ಅದು ತಿಳಿದಿರಲಿಲ್ಲ, ಕಿಟಕಿ ಮುಚ್ಚಲು ಎದ್ದೆ. ಮಣ್ಣು ಅವರ ತಟ್ಟೆಗೇ ಬಿತ್ತು. ಅತ್ತೆ ಹೇಳಿದ್ದು ನನಗೆ ಮೇಲೆ ಸ್ಪಷ್ಟವಾಗಿ ಕೇಳಿಸಿತು. “ಮೇಲೆ ಬೆಕ್ಕು ಓಡಾಡ್ತೈತ್ರಿ ಬುದ್ಧಿ, ತಪ್ಪು ತಿಳೀಬ್ಯಾಡ್ರಿ.” ಅಯ್ಯನವರು ಮೇಲೆ ನೋಡಿರಬೇಕು. “ಬೆಕ್ಕು ಭಾರಿ ಐತೆ ಬಿಡವ್ವಾ. ಹಾಲು ಕಮ್ಮಿ ಹಾಕು,” ಎಂದರು. ಎಲ್ಲರೂ ನಕ್ಕರು. ಅವರು ಎದ್ದು ಹೋಗುವವರೆಗೆ ನಾನು ಕಿಟಕಿಯ ಸರಳು ಹಿಡಿದು ಒಂಟಿ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದೆ. ಅತ್ತೆ ನನ್ನನ್ನು ಹಳಿಯಲು ಬೆಕ್ಕು ಅಂದದ್ದಲ್ಲ. ಬೀಗರ ಹೆಸರು ಹೊರಗಿನವರ ಮುಂದೆ ಕೆಡಬಾರದೆಂದು ಅಂದರು.

ಮಾವನವರ ಅಂಗಡಿಯ ಬಾಗಿಲು ಸರಿಮಾಡಲು ಬಂದಿದ್ದ ಬಡಗಿ ಮಸ್ತಾನಸಾಬ್ ಒಮ್ಮೆ ಮಹಡಿ ಹತ್ತಿ ನೋಡಿದ. “ಯಾರ್ರೀ ಯಜಮಾನ್ರೇ, ಹಸಿ ಮರಕ್ಕೆ ಮೊಳೆ ಹೊಡೆದೋರು? ಪೂರಾ ಕೀಳ್ಬೇಕ್ರಿ ಇದನ್ನ,” ಎಂದ. ಮಾವನವರು, “ಅದು ಬೀಗರು ಕೊಟ್ಟಿದ್ದು ಸಾಬ್ರೇ. ನಿಮ್ಮ ಬಾಗಿಲು ನೋಡ್ರಿ ನೀವು,” ಎಂದು ಕೆಳಗೆ ಕರೆದುಕೊಂಡು ಹೋದರು. ಇವರಿಗೆ ಹೇಳಿದರೆ ಇವರದೂ ಅದೇ ಮಾತು. “ನಿಮ್ಮಪ್ಪಗೆ ನಾನು ಹೆಂಗೆ ಹೇಳ್ಲಿ? ಅಳಿಯ ಕೊಟ್ಟಿದ್ದರಲ್ಲಿ ಕೊರತೆ ಹುಡುಕ್ತಾನೆ ಅನ್ನಲ್ವಾ? ನೀನೇ ಹೇಳು.” ಒಂದು ಜಮಖಾನ ತಂದು ಹಾಸಿದರು. ಈಗ ಸಂದಿಗಳು ಕಣ್ಣಿಗೆ ಕಾಣುವುದಿಲ್ಲ, ಅಷ್ಟೆ.

ನಾನೂ ಹೇಳಲಿಲ್ಲ. ಮೊನ್ನೆ ಗೌರಿಹಬ್ಬಕ್ಕೆ ಬಾಗಿನ ತಂದಿದ್ದಾಗ ಅಪ್ಪ ಮೇಲೆ ಬಂದು ಜಮಖಾನದ ಮೇಲೇ ಹಿಮ್ಮಡಿಯಿಂದ ಗುದ್ದಿ ನೋಡಿದರು. “ಹೆಂಗೈತವ್ವಾ ನಮ್ಮ ನೆಲ?” ಎಂದರು. ಆ ಮುಖ ನೋಡಿಕೊಂಡು ಏನು ಹೇಳಲಿ? “ಚೆನ್ನಾಗೈತಪ್ಪಾ,” ಎಂದೆ. ಅವರು ಗುತ್ತೆಪ್ಪನನ್ನು ಮತ್ತೆ ಕರೆಸಿದ್ದು ಆ ಮಾತು ನಂಬಿಯೇ ಇರಬೇಕು.

ಒಮ್ಮೆ ಎದ್ದ ಅಂಚಿಗೆ ಕಾಲು ತಾಗಿ ಬಿದ್ದೆ ಎನ್ನುವುದನ್ನೂ ಬರೆಯುತ್ತೇನೆ. ಹೆಚ್ಚೇನೂ ಆಗಲಿಲ್ಲ.

ಅಪ್ಪನಿಗೆ ನೋವಾಗದಂತೆ ಕೆಲಸ ನಿಲ್ಲಿಸಲು ನೀನೇ ಏನಾದರೂ ನೆಪ ಹುಡುಕು. ಈ ತಿಂಗಳು ಮಹಡಿ ಕೆಲಸ ಮಾಡಬಾರದೆಂದು ಅಯ್ಯನವರು ಅಂದರು ಎನ್ನು. ಗಂಡು-ಹೆಣ್ಣು ಕೆಳಗಿನ ನಡುಮನೆಯಲ್ಲೇ ಇರಲಿ ಎನ್ನು. ಆ ಮರ ಎರಡು ಬೇಸಿಗೆ ಬಿಸಿಲು ಕಾಣಲಿ. ನನ್ನ ಹೆಸರು ಎತ್ತಬೇಡ. ಇಲ್ಲಿಯವರಿಗೆ ತಿಳಿದರೆ, ತವರಿಗೆ ದೂರು ಬರೆದಳು ಎಂದಾಗುತ್ತದೆ. ನಿನ್ನ ಮಂಡಿನೋವು ಹೇಗಿದೆ? ಎಣ್ಣೆ ತೀರಿದ್ದರೆ ಖತೀಜಾಬೀಗೆ ಹೇಳಿ ಕಳಿಸು, ಇಲ್ಲಿಂದ ತರಿಸಿಕೊಡುತ್ತೇನೆ.

ಇಂತಿ ನಿನ್ನ ಮಗಳು,
ದ್ರಾಕ್ಷಾಯಣಿ

ಮರೆತದ್ದು: ಮರೆತದ್ದಲ್ಲ. ಬರೆಯಬಾರದೆಂದು ಬಿಟ್ಟಿದ್ದೆ. ಕಾಗದ ಮಡಿಸಿ ಮತ್ತೆ ಬಿಚ್ಚಿದ್ದೇನೆ.

ಹೆಚ್ಚೇನೂ ಆಗಲಿಲ್ಲ ಎಂದದ್ದು ಸುಳ್ಳು. ನಾನು ಬಿದ್ದದ್ದು ಯುಗಾದಿಗೆ ಸ್ವಲ್ಪ ಮೊದಲು. ಆಗ ನನಗೆ ಮೂರು ತಿಂಗಳು ತುಂಬಿತ್ತು. ಹಬ್ಬದ ದಿನ ನಿಮಗೆ ಹೇಳಿ ಕಳಿಸುವವರಿದ್ದರು. ಸೂಲಗಿತ್ತಿ ಬಂದು ಹೋದ ಮೇಲೆ ಅತ್ತೆ ನನ್ನ ತಲೆ ಸವರುತ್ತಾ, “ನಿಮ್ಮಪ್ಪಗೆ ಮಾತ್ರ ತಿಳಿಸ್ಬ್ಯಾಡ ಮಗಳೇ. ತಿಳಿದ್ರೆ ಆತ ಉಳಿಯಾಕಿಲ್ಲ,” ಎಂದು ಅತ್ತರು. ಜ್ವರ ಬಂದಿದೆ, ಹಬ್ಬಕ್ಕೆ ಬರಲಾಗುವುದಿಲ್ಲ ಎಂದು ನಿಮಗೆ ಬರೆಸಿದವರೂ ಅವರೇ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಮ್ಮ ಮನೆಯ ಗೌರವ ಕಾಯಲು ಅವರು ಪಟ್ಟ ಪಾಡು ನೋಡಿದ್ದೇನೆ.

ನೆಪ ಹುಡುಕು ಎಂದು ಮೇಲೆ ಬರೆದೆ. ಈಗ ಓದಿದರೆ ಅದು ಸರಿಯಲ್ಲ. ನೆಪ ಹೇಳಿದರೆ ಅಪ್ಪ ಒಂದು ತಿಂಗಳು ತಡೆದು ಮತ್ತೆ ಗುತ್ತೆಪ್ಪನನ್ನೇ ಕರೆಸುತ್ತಾರೆ. ಲೋಕಿಕೆರೆಯ ಹುಡುಗಿಯೂ ಅವರು ಕೇಳಿದಾಗ ಚೆನ್ನಾಗೈತೆ ಎಂದೇ ಹೇಳುತ್ತಾಳೆ. ನೀನು ಏನೂ ಹೇಳುವುದು ಬೇಡ. ಶನಿವಾರ ಬೆಳಗಿನ ರೈಲಿಗೆ ನಾನೇ ಬರುತ್ತೇನೆ. ಅಪ್ಪನನ್ನು ಕೂರಿಸಿಕೊಂಡು ಇದಿಷ್ಟನ್ನೂ ಹೇಳುತ್ತೇನೆ. ಅವರು ತಡೆದುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ನೀನು ಹತ್ತಿರ ಇರು. ಅತ್ತೆಗೆ, ಇವರಿಗೆ ಇನ್ನೂ ಹೇಳಿಲ್ಲ.