ಬಣ್ಣದ ಹಂಡೆಗೆ ಬಿದ್ದ ಗುಳಿಗೆಗಳು

ನೆರಳುಬೀದಿ, ಗುಳೇದಗುಡ್ಡ
ಫೆಬ್ರವರಿ 30, 2158

ನೀಲವ್ವ ಮುತ್ತಜ್ಜಿಯವರಿಗೆ,

ತಾರೀಖು ನೋಡಿ ನಗಬೇಡಿ. ನಿಮ್ಮ ಕಾಲದಲ್ಲಿ ಫೆಬ್ರವರಿಗೆ ಮೂವತ್ತು ಇರಲಿಲ್ಲವಂತೆ. ನಾವು ತಿಂಗಳುಗಳನ್ನು ಒಂದಿಷ್ಟು ಸರಿಸಮ ಮಾಡಿಕೊಂಡಿದ್ದೇವೆ. ನನ್ನ ಮಾತುಗಳೂ ನಿಮ್ಮ ಕಿವಿಗೆ ವಿಚಿತ್ರ ಅನ್ನಿಸಬಹುದು, ಅದಕ್ಕೆ ಕ್ಷಮೆ ಇರಲಿ. ನೂರಾ ಮೂವತ್ತು ವರ್ಷಗಳಲ್ಲಿ ಕನ್ನಡ ಬಹಳ ಊರು ತಿರುಗಿ ಬಂದಿದೆ. ನಿಮಗೆ ಈಗ ಇಪ್ಪತ್ತೈದು, ನನಗೆ ಎಪ್ಪತ್ತೈದು. ತಂಗೀ ಎನ್ನಬೇಕೋ ಮುತ್ತಜ್ಜೀ ಎನ್ನಬೇಕೋ ತಿಳಿಯದೆ ಅರ್ಧ ದಿನ ಕಳೆದೆ. ಕಾಲೇಜಿನಲ್ಲಿ ನಾನು ಇಂಗ್ಲಿಷ್ ಓದಿದವನು. ನಮ್ಮಲ್ಲಿ ಈಗ ಅದನ್ನು ನಿಮ್ಮ ಕಾಲದ ಹಳಗನ್ನಡದ ಹಾಗೆ ಆಸಕ್ತಿ ಇದ್ದವರಿಗೆ ಮಾತ್ರ ಕಲಿಸುತ್ತಾರೆ. ಪತ್ರಲೇಖನದ ಪಾಠದಲ್ಲಿ ‘ರೆಸ್ಪೆಕ್ಟೆಡ್ ಮೇಡಮ್, ಐ ಆಮ್ ಕ್ವೈಟ್ ವೆಲ್ ಹಿಯರ್ ಅಂಡ್ ಹೋಪ್ ದಿ ಸೇಮ್’ ಎಂದು ಒಂದು ಸಾಲಿತ್ತು. ಅದರ ಮುಂದಿನದು ಮರೆತಿದೆ. ಹೋಪ್ ದಿ ಸೇಮ್ ಎಂದು ಬರೆಯಲು ಮನಸ್ಸೂ ಒಪ್ಪುತ್ತಿಲ್ಲ, ಯಾಕೆಂದರೆ ಈ ಕಾಗದ ನಿಮ್ಮ ಕೈ ಸೇರುವ ದಿನ ನೀವು ಕ್ವೈಟ್ ವೆಲ್ ಇಲ್ಲ ಎಂದು ನನಗೆ ಗೊತ್ತು.

ನಾನು ಸಂಗನಬಸವ, ನಿಮ್ಮ ಮಗಳ ಮಗನ ಮಗ. ನಮ್ಮಲ್ಲಿ ಹಿಮ್ಮುಖ ಅಂಚೆ ಎಂಬುದಿದೆ. ಎಪ್ಪತ್ತೈದು ತುಂಬಿದವರು ಒಂದೇ ಒಂದು ಕಾಗದವನ್ನು ಹಿಂದಿನ ಕಾಲಕ್ಕೆ ಕಳಿಸಬಹುದು. ಆ ಕಾಗದದಿಂದ ಆಗಿಹೋದದ್ದು ಬದಲಾಗುವುದಿಲ್ಲ ಎಂದು ಅಂಚೆಯವರು ಮೊದಲೇ ಎಚ್ಚರಿಸುತ್ತಾರೆ, ಓದಿದವರಿಗೆ ಒಂದಿಷ್ಟು ಧೈರ್ಯ ಬಂದರೆ ಅಷ್ಟೇ ಲಾಭ. ಬಹಳ ಮಂದಿ ತೀರಿಹೋದ ಗಂಡನಿಗೋ ಹೆಂಡತಿಗೋ ಬರೆಯುತ್ತಾರೆ. ನನ್ನ ಹೆಂಡತಿ ಹೇಮಾಕ್ಷಿ ಹೋಗಿ ನಾಲ್ಕು ವರ್ಷವಾಯಿತು. ನಾನೂ ಅವಳಿಗೇ ಬರೆಯುತ್ತೇನೆ ಎಂದು ಬೀದಿಯವರೆಲ್ಲ ತಿಳಿದಿದ್ದರು. ಆದರೆ ಅವಳು ಬದುಕಿದ್ದಾಗಲೇ ಈ ವಿಷಯ ತೀರ್ಮಾನ ಮಾಡಿಟ್ಟಿದ್ದಳು. “ಸಂಸಾರ ಮಾಡುವಾಗ ಹೇಳದ್ದು ನಿಮ್ಮ ಹತ್ತಿರ ಏನು ಉಳಿದಿದೆ? ಬಾಯಿ ಮುಚ್ಚಿದ್ದೇ ನಾನು ನೋಡಿಲ್ಲ. ಆ ನೀಲವ್ವಜ್ಜಿಗೆ ಬರೆಯಿರಿ, ಪಾಪ, ಆಕೆಗೆ ಯಾರೂ ಒಂದು ಥ್ಯಾಂಕ್ಸ್ ಹೇಳಿಲ್ಲ” ಎಂದಿದ್ದಳು. ಅವಳಿಗೂ ಬರೆಯಬೇಕೆಂಬ ಆಸೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನೀವು ಇರದಿದ್ದರೆ ಅವಳನ್ನು ನೋಡಲು ನಾನೇ ಇರುತ್ತಿರಲಿಲ್ಲವಲ್ಲ.

ನಮ್ಮ ದಿನಚರಿ ಸ್ವಲ್ಪ ಹೇಳುತ್ತೇನೆ, ನಿಮಗೆ ಹಿಡಿಸಬಹುದು. ಊರಿನ ಬೀದಿಗಳಿಗೆಲ್ಲ ಈಗ ಬಟ್ಟೆಯ ಚಾವಣಿ. ಅದಕ್ಕೆ ಬಿಸಿಲುಬಟ್ಟೆ ಎನ್ನುತ್ತೇವೆ, ಬಿಸಿಲು ಕುಡಿದು ದೀಪ ಕೊಡುವ ಬಟ್ಟೆ. ನೇಯುವುದು ಇಲ್ಲೇ. ನೀವು ನೇಯುವ ರವಿಕೆಯ ಕಣದ ಅಂಚೇ ಅದಕ್ಕೂ ಅಂಚು. ಬೆಳಿಗ್ಗೆ ಎದ್ದು ನನ್ನ ವಾರಿಗೆಯವರೆಲ್ಲ ಉದ್ದನೆಯ ಕೋಲು ಹಿಡಿದು ಅದರ ಧೂಳು ಜಾಡಿಸುತ್ತೇವೆ. ಕೆಲಸಕ್ಕಿಂತ ಹರಟೆ ಹೆಚ್ಚು, ಮೈಮೇಲೆ ಬೀಳುವ ಧೂಳು ಇನ್ನೂ ಹೆಚ್ಚು. ರೊಟ್ಟಿ ರೊಟ್ಟಿಯೇ ಆಗಿದೆ, ಶೇಂಗಾ ಚಟ್ನಿಯೂ ಹಾಗೇ ಇದೆ, ಚಿಂತೆ ಬೇಡ. ಬೀದಿ ತಿರುವಿನಲ್ಲಿ ಜೋಡಿಮನೆ ಇದೆ. ಮಕ್ಕಳು ಯಾವಾಗ ಬೇಕು, ಎಷ್ಟು ಬೇಕು, ಬೇಕೋ ಬೇಡವೋ ಎಂದು ಮಾತಾಡಲು ಗಂಡ ಹೆಂಡತಿ ಕೂಡಿ ಹೋಗುವ ಮನೆ ಅದು. ಇಬ್ಬರ ರಕ್ತವನ್ನೂ ಅಲ್ಲೇ ನೋಡುತ್ತಾರೆ. ಮಾವಿನ ಮರದ ಕೆಳಗೆ ಬೆಂಚು ಹಾಕಿದ್ದಾರೆ, ಯಾರು ಬೇಕಾದರೂ ನೋಡಲಿ ಎಂಬಂತೆ ಜನ ಅಲ್ಲಿ ಕೂತಿರುತ್ತಾರೆ. ನೀವು ಸೆರಗು ಮುಖಕ್ಕೆ ಎಳೆದುಕೊಂಡು ಹೋಗುತ್ತಿದ್ದ ಆಸ್ಪತ್ರೆಯ ಹಿಂದಿನ ಕೋಣೆಯೇ ಬೆಳೆದು ಇದಾಗಿದೆ ಎಂದು ನಾನು ತಿಳಿದಿದ್ದೇನೆ. ಎಚ್‌ಐವಿಯನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಸಿಡುಬಿನ ಪಾಠದ ಪಕ್ಕದ ಪಾಠದಲ್ಲಿ ಓದುತ್ತಾರೆ. ಓದಿ, ಪರೀಕ್ಷೆ ಬರೆದು, ಮರೆಯುತ್ತಾರೆ. ಮರೆಯಲಿ ಬಿಡಿ, ಅದೂ ಒಂದು ಭಾಗ್ಯ.

ನಮ್ಮ ಮನೆಯಲ್ಲಿ ಮಾತ್ರ ಅದನ್ನು ಮರೆತಿಲ್ಲ. ಬಸುರಿ ಸೊಸೆಯಂದಿರಿಗೆ ಕುಬಸ ಮಾಡುವ ದಿನ, ಹಸಿರು ಬಳೆ ತೊಡಿಸಿ ಆದ ಮೇಲೆ, ಹಿರಿಯಳೊಬ್ಬಳು ಪಡಸಾಲೆಯಿಂದ “ನುಂಗಿದಿ ಏನವಾ?” ಎಂದು ಕೂಗುತ್ತಾಳೆ. ಬಸುರಿ “ನುಂಗಿದೆ ಅತ್ತಿ” ಎಂದು ಒಂದು ಬೆಲ್ಲದ ಚೂರು ನುಂಗುತ್ತಾಳೆ. ಎಲ್ಲರೂ ನಗುತ್ತಾರೆ. ಆಮೇಲೆ ನಿಮ್ಮ ಕತೆ ಹೇಳುತ್ತಾರೆ. ನನಗೆ ಅದನ್ನು ಹೇಳಿದವರು ನಿಮ್ಮ ಮಗಳು, ನನ್ನ ಅಜ್ಜಿ ಬನಶ್ರೀ. ಇನ್ನೂ ಹುಟ್ಟದ ಮಗಳ ಹೆಸರು ಹೇಳಿಬಿಟ್ಟೆ ನೋಡಿ, ಅಂಚೆಯವರು ಬೈಯುತ್ತಾರೆ.

ಅಜ್ಜಿ ಹೇಳಿದ್ದು ಇದು. ನಿಮಗೆ ಈ ಎಚ್‌ಐವಿ ಬಂದದ್ದು ಹುಟ್ಟಿನಿಂದಲೇ. ನಿಮ್ಮ ತಾಯಿಯ ರಕ್ತವನ್ನು ಬಸುರಿದ್ದಾಗ ಯಾರೂ ನೋಡಿರಲಿಲ್ಲ, ಆಕೆಗೆ ತನ್ನೊಳಗೆ ಏನಿದೆ ಎಂದು ತಿಳಿಯುವ ಹೊತ್ತಿಗೆ ನೀವು ಹುಟ್ಟಿ ನಡೆಯುತ್ತಿದ್ದಿರಿ. ದಿನಕ್ಕೊಂದು ಗುಳಿಗೆ ನುಂಗಿ ನೀವು ಗಟ್ಟಿಯಾಗಿ ಬೆಳೆದಿರಿ. ಮಹಾರುದ್ರಪ್ಪ ಮುತ್ತಜ್ಜ ಎಲ್ಲ ತಿಳಿದೇ ನಿಮ್ಮ ಕೈ ಹಿಡಿದರು, ಅವರಿಗೆ ಸೋಂಕಿಲ್ಲ. ಅತ್ತೆ ದಾನವ್ವನಿಗೆ ಮಾತ್ರ ಯಾರೂ ಹೇಳಲಿಲ್ಲ. ಹೊಸ ಮನೆ, ಮರೆ ಇಲ್ಲ, ಯಾರಾದರೂ ನೋಡಿಯಾರೆಂದು ಲಗ್ನದ ಗಡಿಬಿಡಿಯಲ್ಲಿ ನೀವು ಗುಳಿಗೆ ತಪ್ಪಿಸಿದಿರಿ, ರಕ್ತದಲ್ಲಿ ವೈರಸ್ ಏರಿತು. ವೈರಲ್ ಲೋಡ್ ಎನ್ನುತ್ತಿದ್ದರಂತೆ, ಲೋಡ್ ಎಂದರೆ ಹೊರೆ ಎಂದು ನನಗೆ ನೆನಪಿದೆ. ಆಸ್ಪತ್ರೆಯ ಸಮಾಲೋಚಕಿ ನಿಮ್ಮಿಬ್ಬರನ್ನೂ ಕೂಡಿಸಿ ಹೇಳಿದರು: “ಮಕ್ಕಳು ಬ್ಯಾಡ ಅಂತ ನಾ ಹೇಳಾಕತ್ತಿಲ್ಲ ನೀಲವ್ವ, ಈಗ ಬ್ಯಾಡ ಅಂತ ಹೇಳಾಕತ್ತೀನಿ.” ಹೊರೆ ಇಳಿಯುವ ತನಕ ಕಾಯಬೇಕು. ಆಗ ಬಸುರಾದರೆ, ಗುಳಿಗೆ ತಪ್ಪದಿದ್ದರೆ, ಕೂಸಿಗೆ ಸೋಂಕು ತಗಲುವ ಭಯ ಬಹಳ ಬಹಳ ಕಡಿಮೆ. ಈಗ ಆದರೆ ನಿಮ್ಮ ತಾಯಿಗೆ ಆದದ್ದೇ ನಿಮಗೂ ಆಗಬಹುದು. ಹಾಗಾಗಿ ನೀವು ಕಾಪರ್-ಟಿ ಹಾಕಿಸಿಕೊಂಡಿರಿ, ಮುತ್ತಜ್ಜ ಕಾಂಡೋಮ್ ಬಿಡಲಿಲ್ಲ. ಮತ್ತೆ ಶುರುಮಾಡಿದ ಗುಳಿಗೆಗಳನ್ನು ಬಳೆಯ ಡಬ್ಬಿಯಲ್ಲಿ ಅಡಗಿಸಿ ಇಟ್ಟಿರಿ.

ಮನೆಯಲ್ಲಿ ಮಾತು ಶುರುವಾಗಿತ್ತು. ಎದುರುಮನೆಯ ಕಮಲಕ್ಕ ದಿನಾ ಬಂದು ಮಗ್ಗದ ಹತ್ತಿರ ಕೂತು, “ಏನ ದಾನವ್ವಕ್ಕ, ಸೊಸಿ ಕಣ ಭಾಳ ಚಂದ ನೇಯ್ತಾಳ ಬಿಡು. ಕೂಸಿನ ಕುಂಚಿಗಿ ಯಾವಾಗ ನೇಯಾಕಿ?” ಎನ್ನುತ್ತಿದ್ದಳು. ದಾನವ್ವನಿಗೆ ಅದು ಚುಚ್ಚುತ್ತಿತ್ತು. ಒಂದು ಸಂಜೆ ನೀವು ಬಳೆಯ ಡಬ್ಬಿ ತೆಗೆದು ಏನೋ ನುಂಗುವುದನ್ನು ಆಕೆ ಕಂಡಳು. ಆಕೆಯೇನೂ ತಿಳಿಯದವಳಲ್ಲ. ತನ್ನ ಪ್ರಾಯದಲ್ಲಿ ಮಕ್ಕಳ ನಡುವೆ ಅಂತರ ಇಡಲು ತಾನೂ ಗುಳಿಗೆ ನುಂಗಿದವಳು. ಆ ತಿಳಿವಳಿಕೆಯೇ ದಾರಿ ತಪ್ಪಿಸಿತು. ಇವಳು ಮಕ್ಕಳಾಗದ ಗುಳಿಗೆ ನುಂಗುತ್ತಿದ್ದಾಳೆ ಎಂದು ಸಿಟ್ಟಾಗಿ, ಮರುದಿನ ಡಬ್ಬಿಯನ್ನೇ ಒಯ್ದು, ನೂಲಿಗೆ ಕೆಂಪು ಬಣ್ಣ ಕುದಿಯುತ್ತಿದ್ದ ಹಂಡೆಗೆ ಸುರಿದಳು. “ಇನ್ನ ಆ ದವಾಖಾನಿ ದಾರಿ ಹಿಡದೀ ಅಂದ್ರ ನನ್ನ ಮನಿ ಹೊಸ್ತಲಾ ತುಳೀಬ್ಯಾಡ. ದಸರಾಕ್ಕ ನನಗ ಸುದ್ದಿ ಬೇಕು” ಎಂದಳು. ಮೊಮ್ಮಗುವನ್ನು ಕಾಪಾಡಬೇಕಾಗಿದ್ದ ಗುಳಿಗೆ, ಮೊಮ್ಮಗು ಬೇಕು ಎನ್ನುವವಳ ಕೈಯಿಂದಲೇ ಕುದಿಯುವ ಬಣ್ಣಕ್ಕೆ ಬಿತ್ತು. ಮಕ್ಕಳನ್ನು ನಿಜವಾಗಿ ತಡೆದಿದ್ದ ಕಾಪರ್-ಟಿಯ ಸುಳಿವು ಆಕೆಗೆ ಇರಲೇ ಇಲ್ಲ.

ಈ ಕಾಗದ ನಿಮ್ಮನ್ನು ತಲುಪುವುದು ಹಂಡೆಗೆ ಗುಳಿಗೆ ಬಿದ್ದ ಮೂರನೆಯ ದಿನ. ಆ ದಿನ ನಿಮ್ಮ ಮನಸ್ಸಿನಲ್ಲಿ ಏನಿತ್ತು ಎಂದು ನೀವೇ ಮುಂದೆ ಮಗಳಿಗೆ ಹೇಳಿದ್ದೀರಿ. ಸುಮ್ಮನಿದ್ದುಬಿಡೋಣ, ಕಾಪರ್-ಟಿ ತೆಗೆಸಿ ದಸರೆಯೊಳಗೆ ಬಸುರಾಗೋಣ, ಗುಳಿಗೆಯ ಸುದ್ದಿಯೇ ಬೇಡ, ಆದದ್ದು ಆಗಲಿ, ಮನೆಯಿಂದ ಹೊರಗೆ ಹಾಕಿಸಿಕೊಳ್ಳುವುದಕ್ಕಿಂತ ಅದೇ ವಾಸಿ ಎಂದು. ಮುತ್ತಜ್ಜ “ಅವ್ವಗ ನಾ ಹೇಳ್ತೀನಿ ತಡಿ” ಎಂದರೆ ನೀವು “ನನ್ನ ರಕ್ತದ ಸುದ್ದಿ, ಹೇಳಿದ್ರ ನಾನ ಹೇಳಬೇಕು” ಎಂದಿರಿ. ಎಂದವರು ಹೇಳಲೂ ಇಲ್ಲ, ಮಗ್ಗದ ಕುಣಿಗೂ ಇಳಿಯಲಿಲ್ಲ.

ಮುತ್ತಜ್ಜೀ, ನಾನು ಡಾಕ್ಟರಲ್ಲ, ಉಪದೇಶಕ್ಕೆ ಬಂದವನೂ ಅಲ್ಲ. ಆಮೇಲೆ ಏನಾಯಿತು ಎಂದು ಹೇಳುತ್ತೇನೆ, ಅಷ್ಟೇ. ಅದೇ ದಿನ ನೀವೇ ಎಲ್ಲ ಹೇಳಿದಿರಿ, ಕೇಳಿದ ದಾನವ್ವ ಗೋಡೆಗೆ ಒರಗಿದಳು. ಒಲೆಯ ಮೇಲಿನ ಅನ್ನ ಸೀದಿತು, ಇಬ್ಬರೂ ಏಳಲಿಲ್ಲ. ಕೊನೆಗೆ ಆಕೆ ಕೇಳಿದ್ದು ಒಂದೇ: “ಅದನ್ನ ತಪ್ಪದ ನುಂಗಿದ್ರ ಕೂಸು ಆರಾಮ ಹುಟ್ಟತೈತೇನು?” ಮರುದಿನ ಮೊದಲ ಬಸ್ಸಿಗೆ ನಿಮ್ಮ ಜೊತೆ ಆಸ್ಪತ್ರೆಗೆ ಹೊರಟವಳು ಆಕೆಯೇ. ಅಂದಿನಿಂದ ದಿನಾ ಸಂಜೆ ಪಡಸಾಲೆಯಿಂದ “ನುಂಗಿದಿ ಏನವಾ?” ಎಂದು ಕೂಗಿದ್ದು ಬೀದಿಗೆಲ್ಲ ಕೇಳುತ್ತಿತ್ತು. ಕಮಲಕ್ಕ ಮತ್ತೆ ಕುಂಚಿಗೆಯ ಮಾತು ತೆಗೆದಾಗ, “ನನ್ನ ಸೊಸಿ ಯಾವಾಗ ಹಡೀಬೇಕಂತ ನಿನ್ನ ಕೇಳಾಕ ಕೂಸನ್ನ ನೀ ಹೊಟ್ಟ್ಯಾಗ ಹೊರ್ತೀ ಏನ? ಚಾ ಕುಡಿ, ಏಳು” ಎಂದಳಂತೆ. ವೈರಸ್ ಇಳಿಯಿತು, ಮತ್ತೊಮ್ಮೆ ನೋಡಿದಾಗಲೂ ಏರಿರಲಿಲ್ಲ. ಆಗ ಸಮಾಲೋಚಕಿಯನ್ನು ಕೇಳಿ ಕಾಪರ್-ಟಿ ತೆಗೆಸಿದಿರಿ. ಬನಶ್ರೀ ಹುಟ್ಟಿದಳು. ಅವಳ ಬಾಯಿಗೆ ವಾರಗಟ್ಟಲೆ ಔಷಧಿಯ ಹನಿ ಬಿಟ್ಟವಳೂ ದಾನವ್ವನೇ. ಕೂಸಿನ ರಕ್ತ ನೋಡಿದರು, ಮತ್ತೆ ಮತ್ತೆ ನೋಡಿದರು, ಏನೂ ಇರಲಿಲ್ಲ. ಕೊನೆಯ ಪರೀಕ್ಷೆಯ ಫಲ ಬಂದ ದಿನ ದಾನವ್ವ ಬೀದಿಗೆಲ್ಲ ಪೇಢೆ ಹಂಚಿದಳು, ಯಾಕೆಂದು ಯಾರು ಕೇಳಿದರೂ ಹೇಳಲಿಲ್ಲ. ಕೆಲವು ವರ್ಷ ಬಿಟ್ಟು, ನಿಮಗೆ ಬೇಕೆನಿಸಿದಾಗ, ಒಬ್ಬ ಮಗ. ಆಮೇಲೆ ಸಾಕು ಎಂದಿರಿ. ಅದನ್ನೂ ನೀವೇ ಹೇಳಿದ್ದು.

ನನ್ನ ಅಜ್ಜಿ ತೊಂಬತ್ತೊಂದು ವರ್ಷ ಬದುಕಿದಳು. ಕಡೆಯ ತನಕ ಕಬ್ಬನ್ನು ಹಲ್ಲಿನಲ್ಲೇ ಸಿಗಿಯುತ್ತಿದ್ದಳು. ಅವಳ ತೊಡೆಯ ಮೇಲೆ ನಾನು ಬೆಳೆದೆ. ನಿಮ್ಮ ತಾಯಿಯಿಂದ ನಿಮಗೆ ಬಂದದ್ದು ನಿಮ್ಮಲ್ಲೇ ನಿಂತಿತು, ಅವಳಿಗೆ ದಾಟಲಿಲ್ಲ, ನನ್ನಪ್ಪನಿಗೆ ದಾಟಲಿಲ್ಲ, ನನಗೆ, ನನ್ನ ಮಗಳಿಗೆ ದಾಟಲಿಲ್ಲ. ನಾನು ಹೇಮಾಕ್ಷಿಯನ್ನು ಕಂಡದ್ದು, ಜೋಡಿಮನೆಯ ಬೆಂಚಿನ ಮೇಲೆ ಅವಳು ನನ್ನನ್ನು ನೋಡಿ ನಕ್ಕದ್ದು, ನಲವತ್ತೆಂಟು ವರ್ಷ ಜಗಳಾಡಿದ್ದು, ಎಲ್ಲ ನೀವು ಕಾದು ಕೊಟ್ಟ ಕಾಣಿಕೆ. ಥ್ಯಾಂಕ್ಸ್ ಇನ್ ಅಡ್ವಾನ್ಸ್ ಎಂದು ಪತ್ರಲೇಖನದಲ್ಲಿ ಕಲಿತಿದ್ದೆ. ಅದನ್ನು ಬರೆಯಲು ಇಷ್ಟು ಸರಿಯಾದ ಜಾಗ ಬದುಕಿನಲ್ಲಿ ಇನ್ನೊಂದು ಸಿಕ್ಕಿಲ್ಲ.

ಒಂದು ಮಾತ್ರ ನನ್ನಿಂದ ಆಗದು. ಅತ್ತೆಯ ಮುಂದೆ ಕೂತು ನೀವು ಹೇಳಿದ ಮೊದಲ ಮಾತು ಏನು ಎಂದು ಬನಶ್ರೀ ಅಜ್ಜಿಗೂ ಗೊತ್ತಿರಲಿಲ್ಲ. ಅವಳು ಕೇಳಿದಾಗಲೆಲ್ಲ ನೀವು ನಕ್ಕು ಮಗ್ಗದ ಕಡೆ ತಿರುಗುತ್ತಿದ್ದಿರಂತೆ, ದಾನವ್ವನೂ ಬಾಯಿ ಬಿಡಲಿಲ್ಲವಂತೆ. ಹಾಗಾಗಿ ಆ ಮಾತನ್ನು ಇಲ್ಲಿಂದ ಬರೆದು ಕಳಿಸಲಾರೆ, ಅದು ಇನ್ನೂ ನಿಮ್ಮ ಬಾಯಲ್ಲೇ ಇದೆ. ಮುತ್ತಜ್ಜ ನೂಲು ತರಲು ಹೋಗಿದ್ದಾರೆ. ಕಮಲಕ್ಕ ಇನ್ನೂ ಬಂದಿಲ್ಲ. ದಾನವ್ವ ಒಲೆಯ ಮುಂದೆ ಒಬ್ಬಳೇ ಕೂತು ಅಕ್ಕಿ ಆರಿಸುತ್ತಿದ್ದಾಳೆ. ಈ ಕಾಗದವನ್ನು ಮಡಿಚಿಡಿ, ಎದ್ದು ಒಳಗೆ ಹೋಗಿ.

ನಿಮ್ಮ ಮರಿಮೊಮ್ಮಗ,
ಸಂಗನಬಸವ