ಎರಡೇ ಹೊಸ ಟೈರು

ಮಾವನವರಿಗೆ ನಮಸ್ಕಾರ.

ಗಾಡಿ ರಿಪೇರಿ ಮುಗಿಯಿತು. ಗೇರ್ ಈಗ ಜರ್ಕ್ ಹೊಡೆಯುತ್ತಿಲ್ಲ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಉಳಿದದ್ದನ್ನು ಹೇಳಲು ಬಾಯಿ ಬರಲಿಲ್ಲ.

ಗೇರ್‌ಬಾಕ್ಸ್ ಕೆಟ್ಟ ದಿನ ಬಿಚ್ಚಿಯೂ ನೋಡದೆ ನಿಮ್ಮ ಮಗಳ ಮುಂದೆ, "ಮಾವಂಗೆ ವಯಸ್ಸಾಯ್ತು, ಗಾಡಿ ನಿಲ್ಲೋಕೆ ಮೊದಲೇ ರಿವರ್ಸಿಗೆ ಎಳೆದಿದ್ದಾರೆ" ಅಂದುಬಿಟ್ಟೆ. ಅವಳು ಅಲ್ಲೇ, ಇನ್ನು ನೀವು ಗಾಡಿ ಓಡಿಸುವುದು ಬೇಡ ಎಂದು ಕೀ ಕೇಳಿದಳು. ನೀವು "ಇರಬಹುದು ಅಳಿಯಂದ್ರೆ, ಈಗೀಗ ಕೈ ನಡುಗುತ್ತೆ" ಎಂದು ಕೊಟ್ಟುಬಿಟ್ಟಿರಿ.

ಬಿಚ್ಚಿದ ಮೇಲೆ ಗೊತ್ತಾಯಿತು. ಕಳೆದ ವರ್ಷ ನೀವು ನಾಲ್ಕೂ ಟೈರು ಬದಲಿಸಿ ಎಂದಾಗ, "ಹಿಂದಿನವು ಇನ್ನೂ ಗಟ್ಟಿಯಾಗಿವೆ ಬಿಡಿ" ಎಂದು ಮುಂದಿನ ಎರಡನ್ನೇ ಹಾಕಿದವನು ನಾನು. ನಾಲ್ಕೂ ಚಕ್ರಗಳನ್ನು ಎಂಜಿನ್ನೇ ತಿರುಗಿಸುವ ಗಾಡಿಯಲ್ಲಿ ಹೊಸ ಟೈರು ಒಂದಳತೆ, ಸವೆದದ್ದು ಒಂದಳತೆಯಾದರೆ ಆ ಜಗ್ಗಾಟವನ್ನೆಲ್ಲ ಗೇರ್‌ಬಾಕ್ಸಿನ ಕ್ಲಚ್ ತಡೆದುಕೊಳ್ಳಬೇಕು. ಅದು ಸುಟ್ಟು ಕರಕಲಾಗಿತ್ತು. ಇಪ್ಪತ್ತು ವರ್ಷ ಇದೇ ಕಸುಬು ಮಾಡಿದವನಿಗೆ ಇದು ಗೊತ್ತಿರಲಿಲ್ಲ ಎಂದು ಯಾವ ಮುಖ ಇಟ್ಟುಕೊಂಡು ಹೇಳಲಿ?

ಬೆಳಿಗ್ಗೆ ನಿಮ್ಮ ಮಗಳಿಗೆ ಎಲ್ಲ ಹೇಳಿದೆ. ಆಗಿನಿಂದ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಕೀ ಈ ಲಕೋಟೆಯಲ್ಲೇ ಇದೆ.

ನಾಲ್ಕೂ ಹೊಸ ಟೈರು ಹಾಕಿದ್ದೇನೆ. ಆದರೆ ಗಾಡಿಯನ್ನು ನಾನು ತಂದುಕೊಡುವುದಿಲ್ಲ. ದಯವಿಟ್ಟು ನೀವೇ ಗ್ಯಾರೇಜಿಗೆ ಬಂದು ಓಡಿಸಿಕೊಂಡು ಹೋಗಿ. ಓಡಿಸಿ ನೋಡುವಾಗಲೂ ನಿಮ್ಮ ಸೀಟನ್ನು ಹಿಂದೆ ಸರಿಸಲಿಲ್ಲ. ಮೊಣಕಾಲು ಸ್ಟಿಯರಿಂಗಿಗೆ ತಾಗಿಸಿಕೊಂಡೇ ಊರು ಸುತ್ತಿಬಂದೆ. ಅದು ನೀವು ಇಟ್ಟಲ್ಲೇ ಇದೆ.

ಇಂತಿ,
ನಿಮ್ಮ ಅಳಿಯ